ಪುಟ್ಟ ಗೆಜ್ಜೆಗಾಗಿ ಕಾಯುವ ತಾಳ

ಡಿಸೆಂಬರ್ ಬಂತೆಂದರೆ ಬೆಂಗಳೂರಿನ ಯಾವ ಬಡಾವಣೆಯಲ್ಲಿದ್ದರೂ ಒಂದಲ್ಲ ಒಂದು ನೃತ್ಯಶಾಲೆಯ ವಾರ್ಷಿಕೋತ್ಸವದ ಆಹ್ವಾನಪತ್ರಿಕೆ ಮನೆಗೆ ಬರುತ್ತದೆ. ಮೇಲೆ ನಟರಾಜನ ಚಿತ್ರ, ನಡುವೆ ಅತಿಥಿಗಳ ಹೆಸರುಗಳು, ಕೊನೆಯಲ್ಲಿ ‘ತಮಗೆ ಆದರದ ಸ್ವಾಗತ’. ಸ್ವಾಗತವನ್ನು ಮನ್ನಿಸಿ ಹೋದವರಿಗೆ ಕಾಣುವುದು ಮೂರು ಗಂಟೆಗಳ ಕಾರ್ಯಕ್ರಮ: ಪುಷ್ಪಾಂಜಲಿಯಿಂದ ಮಂಗಳದವರೆಗೆ ಸಾಲುಸಾಲಾಗಿ ಬಂದು ಹೋಗುವ ಮಕ್ಕಳು, ನಡುವೆ ಭಾಷಣ, ಶಾಲು, ಹಾರ. ಈ ಮೂರು ಗಂಟೆಗಳಿಗಾಗಿ ಐದಾರು ತಿಂಗಳು ನಡೆಯುವ ಸಿದ್ಧತೆ ನೇಪಥ್ಯಕ್ಕೆ ಸೇರಿದ್ದು. ಅದಕ್ಕೆ ಪ್ರೇಕ್ಷಕರಿಲ್ಲ, ವಿಮರ್ಶಕರೂ ಇಲ್ಲ.

ನಾನು ಕಳೆದ ಹನ್ನೆರಡು ವರ್ಷಗಳಿಂದ ನಮ್ಮ ಬಡಾವಣೆಯ ಭರತನಾಟ್ಯ ಶಾಲೆಯೊಂದರ ಕಾರ್ಯಕ್ರಮಗಳಲ್ಲಿ ಎಡಬದಿಯ ವಿಂಗ್‌ನಲ್ಲಿ ನಿಂತವಳು. ಸೊಂಟಕ್ಕೆ ಸಿಕ್ಕಿಸಿದ ಚೀಲದಲ್ಲಿ ಪಿನ್ನು, ಸೂಜಿ ದಾರ, ಗ್ಲೂಕೋಸ್ ಬಿಸ್ಕತ್ತು, ಕೈಯಲ್ಲಿ ಪಟ್ಟಿ. ಮಗಳನ್ನು ಸೇರಿಸಲು ಹೋಗಿ ಅಂಟಿಕೊಂಡ ಕೆಲಸವಿದು. ಅವಳು ನೃತ್ಯ ಬಿಟ್ಟು ದೂರದ ಊರಿಗೆ ಎಂಜಿನಿಯರಿಂಗ್ ಓದಲು ಹೋಗಿ ಮೂರು ವರ್ಷವಾಯಿತು. ನಾನು ಮಾತ್ರ ಬ್ಯಾಂಕಿನ ಕೆಲಸ ಮುಗಿಸಿ ಇನ್ನೂ ಅಲ್ಲಿಗೇ ಹೋಗುತ್ತಿದ್ದೇನೆ. ಆದ್ದರಿಂದ ಇಲ್ಲಿ ಬರೆಯುತ್ತಿರುವುದು ನೃತ್ಯದ ಬಲ್ಲಿದರ ಮಾತಲ್ಲ. ಪಕ್ಕದಿಂದ, ಪರದೆಯ ಅಂಚಿನಿಂದ ನೋಡಿದವಳ ಮಾತು.

ಸಿದ್ಧತೆ ಶುರುವಾಗುವುದು ಹೆಜ್ಜೆಯಿಂದಲ್ಲ, ಸಭಾಂಗಣದಿಂದ. 1963ರಲ್ಲಿ ಬಾಗಿಲು ತೆರೆದ ರವೀಂದ್ರ ಕಲಾಕ್ಷೇತ್ರ, ಜೆ.ಸಿ. ರಸ್ತೆಯಲ್ಲೇ ಇರುವ ಎ.ಡಿ.ಎ. ರಂಗಮಂದಿರ, ಕನ್ನಡ ಭವನದ ನಯನ, ಮಲ್ಲೇಶ್ವರದ ಸೇವಾಸದನ, 1980ರಲ್ಲಿ ಪಿಟೀಲಿನ ಆಕಾರದಲ್ಲಿ ಎದ್ದು ನಿಂತ ಚೌಡಯ್ಯ ಸ್ಮಾರಕ ಭವನ – ಹೆಸರುಗಳನ್ನು ಎಣಿಸಿದರೆ ನಗರಕ್ಕೆ ಕೊರತೆಯಿಲ್ಲ ಅನ್ನಿಸುತ್ತದೆ. ಆದರೆ ಭಾನುವಾರದ ಸಂಜೆಯೇ ಬೇಕು, ಪರೀಕ್ಷೆ ಹತ್ತಿರ ಇರಬಾರದು, ಬಾಡಿಗೆ ಕೈಗೆಟುಕಬೇಕು ಎಂದಾಗ ಉಳಿಯುವುದು ಒಂದೋ ಎರಡೋ ದಿನ. ಆ ದಿನಕ್ಕೆ ನಮ್ಮಂತೆಯೇ ಇನ್ನಷ್ಟು ಶಾಲೆಗಳು ಅರ್ಜಿ ಹಿಡಿದು ನಿಂತಿರುತ್ತವೆ.

ದಿನ ಸಿಕ್ಕ ಮೇಲೆ ಟೀಚರ್ ಒಂದು ದೊಡ್ಡ ಹಾಳೆ ತೆಗೆದುಕೊಂಡು ಕೂರುತ್ತಾರೆ. ಹೊರಗಿನವರಿಗೆ ಅದು ಕಾರ್ಯಕ್ರಮದ ಪಟ್ಟಿ. ಒಳಗಿನವರಿಗೆ ರೈಲ್ವೆ ವೇಳಾಪಟ್ಟಿಗಿಂತ ಕಷ್ಟದ ಲೆಕ್ಕ. ಮೂರನೆಯ ನೃತ್ಯದಲ್ಲಿ ಕೃಷ್ಣನಾಗುವ ಹುಡುಗಿ ಐದನೆಯದರಲ್ಲಿ ಜತಿಸ್ವರದ ಸಾಲಿನಲ್ಲಿ ನಿಲ್ಲಬೇಕು. ಕಿರೀಟ ಬಿಚ್ಚಿ, ಪಂಚೆ ಕಳಚಿ, ಬೇರೆ ವಸ್ತ್ರ ತೊಡಿಸಿ, ಜಡೆಗೆ ಹೂವು ಕಟ್ಟಿ ಕಳಿಸಲು ಕನಿಷ್ಠ ಹತ್ತು ನಿಮಿಷ. ನಾಲ್ಕನೆಯ ನೃತ್ಯವೋ ಆರು ನಿಮಿಷದ್ದು. ಉಳಿದ ನಾಲ್ಕು ನಿಮಿಷವನ್ನು ಎಲ್ಲಿಂದ ತರುವುದು? ಮುಖ್ಯ ಅತಿಥಿಗಳ ಭಾಷಣ ಇರುವುದೇ ಇದಕ್ಕೆ. ತಮ್ಮ ಮಾತು ಸಭೆಗೆ ಎಷ್ಟು ಹಿಡಿಸಿತೋ ಅವರಿಗೆ ತಿಳಿಯದು. ಆದರೆ ಅವರು ಭಾರತೀಯ ಸಂಸ್ಕೃತಿಯ ಹಿರಿಮೆಯನ್ನು ಇನ್ನೆರಡು ವಾಕ್ಯ ವಿಸ್ತರಿಸಿದಾಗಲೆಲ್ಲ ಪರದೆಯ ಹಿಂದೆ ನಾವು ಮನಸಾರೆ ಕೃತಜ್ಞರಾಗಿರುತ್ತೇವೆ.

ಇನ್ನು ಸಾಲುಗಳ ವಿಷಯ. ಹದಿನಾಲ್ಕು ಮಕ್ಕಳ ಒಂದು ತಂಡದಲ್ಲಿ ಮುಂದಿನ ಸಾಲು ಐದು ಜನರದ್ದು. ಯಾರು ಮುಂದೆ, ಯಾರು ಹಿಂದೆ? ಎತ್ತರದ ಪ್ರಕಾರ ಎಂದರೆ ಎತ್ತರದ ಹುಡುಗಿಯ ತಾಯಿಗೆ ಬೇಸರ. ಚೆನ್ನಾಗಿ ಮಾಡುವವರು ಮುಂದೆ ಎಂದರೆ ಉಳಿದ ಒಂಬತ್ತು ಮನೆಗಳಿಗೆ ಬೇಸರ. ನಮ್ಮ ಟೀಚರ್ ಪ್ರತಿ ನೃತ್ಯದ ನಡುವೆ ಎರಡು ಸಲ ಸಾಲು ಬದಲಾಗುವಂತೆ ಹೆಜ್ಜೆಗಳನ್ನು ಕೂಡಿಸುತ್ತಾರೆ. ನೋಡುವವರು ಅದನ್ನು ಸುಂದರ ವಿನ್ಯಾಸವೆಂದು ಮೆಚ್ಚುತ್ತಾರೆ. ಅದರ ಮೂಲ ಶಾಂತಿ ಒಪ್ಪಂದದಲ್ಲಿದೆ.

ವಸ್ತ್ರದ ಕೆಲಸ ಎರಡು ತಿಂಗಳಿನದು. ಇಂದು ನಾವು ಕಾಣುವ ಬೀಸಣಿಗೆಯ ನೆರಿಗೆಯ, ಹೊಲಿದು ಸಿದ್ಧಪಡಿಸಿದ ಭರತನಾಟ್ಯದ ಉಡುಗೆ ಬಹಳ ಹಳೆಯದೇನಲ್ಲ. 1935ರಲ್ಲಿ ಮದರಾಸಿನ ಅಡ್ಯಾರ್‌ನಲ್ಲಿ ರುಕ್ಮಿಣಿದೇವಿ ಅರುಂಡೇಲ್ ವೇದಿಕೆಯೇರಿದ ಮೇಲೆ, ಮರುವರ್ಷ ಅವರು ಕಲಾಕ್ಷೇತ್ರವನ್ನು ಕಟ್ಟಿದ ಮೇಲೆ ರೂಢಿಗೆ ಬಂದ ಹಲವು ಬದಲಾವಣೆಗಳಲ್ಲಿ ಅದೂ ಒಂದು. ಅದಕ್ಕೆ ಮೊದಲು ಸೀರೆಯನ್ನೇ ನೃತ್ಯಕ್ಕೆ ಒಗ್ಗುವಂತೆ ಉಡುತ್ತಿದ್ದರು. ಹೊಲಿದ ಉಡುಗೆಯಿಂದ ಆದ ಅನುಕೂಲ ದೊಡ್ಡದು: ಕಾಲಿಗೊಂದು ಭಾಗ, ನೆರಿಗೆಗೊಂದು, ಸೊಂಟಕ್ಕೊಂದು, ಎದೆಗೊಂದು ಎಂದು ತುಂಡುತುಂಡಾಗಿ ಕಟ್ಟಿ ಐದು ನಿಮಿಷದಲ್ಲಿ ಮಗುವನ್ನು ಸಿದ್ಧಪಡಿಸಬಹುದು. ಅನನುಕೂಲವೂ ಅದೇ. ತುಂಡು ಹೆಚ್ಚಿದಷ್ಟೂ ಕೊಕ್ಕೆ ಹೆಚ್ಚು, ಕೊಕ್ಕೆ ಹೆಚ್ಚಿದಷ್ಟೂ ಬಿಚ್ಚಿಕೊಳ್ಳುವ ಸಂಭವ ಹೆಚ್ಚು. ಅಳತೆ ಕೊಟ್ಟ ಮಗು ಎರಡು ತಿಂಗಳಲ್ಲಿ ಒಂದು ಅಂಗುಲ ಬೆಳೆದಿರುತ್ತದೆ. ಇದನ್ನರಿತ ಅನುಭವಿ ದರ್ಜಿಗಳು ಒಳಗೆ ಎರಡು ಅಂಗುಲ ಬಟ್ಟೆ ಮಡಿಚಿಟ್ಟೇ ಹೊಲಿಯುತ್ತಾರೆ.

ಹೊಲಿಸುವ ಖರ್ಚು ಎಲ್ಲ ಮನೆಗಳಿಗೂ ಒಂದೇ ತೂಕದ್ದಲ್ಲ. ಇದು ಬಾಯಿಬಿಟ್ಟು ಚರ್ಚಿಸದ ವಿಷಯ. ಡಿಸೆಂಬರ್ ಹತ್ತಿರವಾಗುತ್ತಿದ್ದಂತೆ ‘ಅಜ್ಜಿಗೆ ಹುಷಾರಿಲ್ಲ’, ‘ಟ್ಯೂಷನ್ ಇದೆ’ ಎಂದು ಒಂದೆರಡು ಮಕ್ಕಳು ತರಗತಿಗೆ ಬರುವುದನ್ನು ನಿಲ್ಲಿಸುತ್ತಾರೆ. ಕಾರಣ ಅಜ್ಜಿಯಲ್ಲ ಎಂದು ಎಲ್ಲರಿಗೂ ಗೊತ್ತಿರುತ್ತದೆ. ನಮ್ಮ ಶಾಲೆಯಲ್ಲಿ ಇದಕ್ಕೆ ಒಂದು ಕಬ್ಬಿಣದ ಟ್ರಂಕು ಇದೆ. ಬೆಳೆದು ದೊಡ್ಡವರಾದ ಹುಡುಗಿಯರ ಉಡುಗೆಗಳು ಅದರೊಳಗೆ ಸೇರುತ್ತವೆ, ನಾಫ್ತಲಿನ್ ಗುಳಿಗೆಯ ವಾಸನೆಯೊಂದಿಗೆ ಪ್ರತಿ ವರ್ಷ ಹೊರಬರುತ್ತವೆ. ಟೀಚರ್ ಮಾಡುವ ಜಾಣತನವೆಂದರೆ ಟ್ರಂಕಿನ ಉಡುಗೆಯನ್ನು ಬೇಕಾದವರಿಗೆ ಮಾತ್ರ ಕೊಡದೆ, ಇಡೀ ತಂಡಕ್ಕೇ ‘ಈ ವರ್ಷ ಈ ನೃತ್ಯಕ್ಕೆ ಹಳೆಯದೇ ಚಂದ’ ಎಂದು ತೀರ್ಮಾನಿಸಿಬಿಡುವುದು. ಬಣ್ಣಗಳು ಒಂದಕ್ಕೊಂದು ಹೊಂದದಿದ್ದರೂ ಸರಿಯೆ. ನನ್ನ ಮಗಳ ಹಸಿರು ಅಂಚಿನ ಕೆಂಪು ಉಡುಗೆ ಇದುವರೆಗೆ ನಾಲ್ಕು ಮಕ್ಕಳ ಮೈಮೇಲೆ ವೇದಿಕೆ ಏರಿದೆ.

ಕಾರ್ಯಕ್ರಮದ ದಿನ ಬಣ್ಣದ ಕೋಣೆ ತೆರೆಯುವುದು ಮಧ್ಯಾಹ್ನ ಹನ್ನೆರಡಕ್ಕೆ. ಸಂಜೆ ಐದೂವರೆಯ ಕಾರ್ಯಕ್ರಮಕ್ಕೆ ಅಷ್ಟು ಬೇಗ ಏಕೆ ಎಂದು ಹೊಸಬರು ಕೇಳುತ್ತಾರೆ. ಎಂಬತ್ತು ಚಿಲ್ಲರೆ ಮಕ್ಕಳಿಗೆ ಮೇಕಪ್ ಮಾಡುವವರು ಮೂವರು. ಅವರಲ್ಲಿ ಹಿರಿಯರೊಬ್ಬರು ವೃತ್ತಿನಾಟಕಗಳಿಗೆ ಬಣ್ಣ ಹಚ್ಚಿ ಬೆಳೆದವರು. ಮಗುವಿನ ಗಲ್ಲವನ್ನು ಎರಡು ಬೆರಳಿನಲ್ಲಿ ಹಿಡಿದರೆಂದರೆ ಅದು ಅಲುಗುವಂತಿಲ್ಲ. ಸ್ಪಂಜಿನಲ್ಲಿ ಬಣ್ಣದ ತಳ, ಮೇಲೆ ಪೌಡರು, ಹುಬ್ಬಿಗೆ ಕಪ್ಪು, ಕಣ್ಣಿನ ಅಂಚಿಗೆ ಮೀನಿನ ಬಾಲದಂತೆ ಗೆರೆ. ಕೊನೆಯ ಸಾಲಿನಲ್ಲಿ ಕೂತವರಿಗೂ ಮಗುವಿನ ಕಣ್ಣು ಎತ್ತ ತಿರುಗಿತೆಂದು ತಿಳಿಯಬೇಕಲ್ಲ, ಆ ಗೆರೆ ಇರುವುದು ಅದಕ್ಕೆ. ಇದಾದ ಮೇಲೆ ತಲೆ: ಚೌರಿ ಸೇರಿಸಿ ಹೆಣೆದ ಜಡೆ, ತುದಿಗೆ ಕುಚ್ಚು, ಬೈತಲೆಬೊಟ್ಟು, ಎರಡು ಬದಿಗೆ ಸೂರ್ಯ ಚಂದ್ರ, ಹಿಂದೆ ರಾಗಟೆ. ಸೂರ್ಯ ಬಲಕ್ಕೆ, ಚಂದ್ರ ಎಡಕ್ಕೆ. ಗಡಿಬಿಡಿಯಲ್ಲಿ ಅದಲುಬದಲಾದರೆ ಯಾವುದಾದರೂ ಅಜ್ಜಿ ಮೊದಲ ಸಾಲಿನಿಂದಲೇ ಗುರುತಿಸುತ್ತಾರೆ.

ಬಣ್ಣ ಹಚ್ಚಿಸಿಕೊಂಡ ಮಗು ಊಟ ಮಾಡುವಂತಿಲ್ಲ, ಒರಗುವಂತಿಲ್ಲ, ಅಳುವಂತೂ ಇಲ್ಲ. ಆದರೆ ಹಸಿವಿಗೆ ಮೇಕಪ್ಪಿನ ಹಂಗಿಲ್ಲ. ಆದ್ದರಿಂದ ಮೂರು ಗಂಟೆಗೆ ಮೊಸರನ್ನದ ಡಬ್ಬಿಗಳು ತೆರೆದುಕೊಳ್ಳುತ್ತವೆ. ತಾಯಂದಿರು ಚಮಚದಲ್ಲಿ ತುಟಿ ತಾಗದಂತೆ ತುತ್ತು ಇಡುತ್ತಾರೆ, ಹಕ್ಕಿಮರಿಗೆ ಇಟ್ಟಂತೆ. ನೀರು ಸ್ಟ್ರಾದಲ್ಲಿ. ಗೆಜ್ಜೆ ಕಟ್ಟುವುದು ಕೊನೆಗೆ. ಕಟ್ಟಿದ ಮೇಲೆ ನೆಲಕ್ಕೆ ನಮಸ್ಕಾರ ಮಾಡದೆ ಹೆಜ್ಜೆ ಇಡಬಾರದೆಂಬುದು ಕಟ್ಟುನಿಟ್ಟು. ಆರು ವರ್ಷದ ಮಗು ಅರ್ಥ ತಿಳಿಯದೆಯೂ ಗಂಭೀರವಾಗಿ ಭೂಮಿ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವುದನ್ನು ನೋಡಬೇಕು.

ಇಷ್ಟೆಲ್ಲ ಕೈಗಳು ಒಂದು ಸಂಜೆಗಾಗಿ ದುಡಿಯುವ ಈ ಜಾಗದಲ್ಲಿ ಬಹುಕಾಲ ಕಾಣದೇ ಇದ್ದ ಕೈಗಳೆಂದರೆ ಸಂಗೀತಗಾರರವು. ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಅದನ್ನೇ.

ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ತಂಜಾವೂರಿನ ನಾಲ್ವರು ಸಹೋದರರು – ಚಿನ್ನಯ್ಯ, ಪೊನ್ನಯ್ಯ, ಶಿವಾನಂದಂ, ವಡಿವೇಲು – ಅಲರಿಪುವಿನಿಂದ ತಿಲ್ಲಾನದವರೆಗಿನ ಕಛೇರಿಯ ಕ್ರಮಕ್ಕೆ ರೂಪ ಕೊಟ್ಟವರು. ಅವರಲ್ಲಿ ಚಿನ್ನಯ್ಯನವರು ಮುಮ್ಮಡಿ ಕೃಷ್ಣರಾಜ ಒಡೆಯರ ಮೈಸೂರು ಆಸ್ಥಾನಕ್ಕೆ ಬಂದರು. ಅವರು ನರ್ತಕರೆಂದು ಅಲ್ಲ, ಸಂಗೀತ ಕಟ್ಟುವವರೆಂದು, ತಾಳ ಹಿಡಿದು ಕಲಿಸುವವರೆಂದು ನೆನಪಿನಲ್ಲಿ ಉಳಿದಿದ್ದಾರೆ ಎಂಬುದನ್ನು ಗಮನಿಸಬೇಕು. ಆ ಕಾಲದ ಪದ್ಧತಿಯಲ್ಲಿ ಮೇಳದವರು ನರ್ತಕಿಯ ಬೆನ್ನ ಹಿಂದೆಯೇ ನಿಲ್ಲುತ್ತಿದ್ದರು. ಮೃದಂಗದವರು ವಾದ್ಯವನ್ನು ಸೊಂಟಕ್ಕೆ ಕಟ್ಟಿಕೊಂಡಿರುತ್ತಿದ್ದರು. ನರ್ತಕಿ ಮುಂದೆ ಹೋದರೆ ಅವರೂ ಮುಂದೆ, ಹಿಂದೆ ಸರಿದರೆ ಅವರೂ ಹಿಂದೆ. ಇಪ್ಪತ್ತನೆಯ ಶತಮಾನದಲ್ಲಿ ವೇದಿಕೆಗೆ ಹೊಸ ಅಚ್ಚುಕಟ್ಟು ಬಂದಾಗ ಮೇಳದವರನ್ನು ಒಂದು ಬದಿಗೆ ಕೂರಿಸಲಾಯಿತು. ನೋಟಕ್ಕೆ ಅದು ಚೆನ್ನಾಯಿತು ಎಂಬುದರಲ್ಲಿ ಅನುಮಾನವಿಲ್ಲ. ನಂತರ ಕ್ಯಾಸೆಟ್ ಬಂತು, ಸಿ.ಡಿ. ಬಂತು. ಈಗ ಇಡೀ ಮೇಳ ಹೆಬ್ಬೆರಳಿನಷ್ಟು ದೊಡ್ಡ ಪೆನ್‌ಡ್ರೈವ್‌ನಲ್ಲಿ ಕುಳಿತು, ಸಭಾಂಗಣದ ಹಿಂಬದಿಯ ಧ್ವನಿ ನಿಯಂತ್ರಕರ ಮೇಜಿಗೆ ಹೋಗಿಬಿಟ್ಟಿದೆ. ಬೆನ್ನ ಹಿಂದಿದ್ದವರು ಬದಿಗೆ, ಬದಿಯಲ್ಲಿದ್ದವರು ಕಣ್ಣಿಗೇ ಕಾಣದಷ್ಟು ದೂರಕ್ಕೆ.

ಇದನ್ನು ಬರಿದೇ ಅವನತಿ ಎಂದು ಬಣ್ಣಿಸಿ ನಿಟ್ಟುಸಿರು ಬಿಡುವುದು ಸುಲಭ, ಆದರೆ ನ್ಯಾಯವಲ್ಲ. ಧ್ವನಿಮುದ್ರಿಕೆಯಿಂದ ಆಗಿರುವ ಉಪಕಾರ ಸಣ್ಣದೇನಲ್ಲ. ಗಾಯಕರು, ನಟುವಾಂಗದವರು, ಮೃದಂಗ, ಕೊಳಲು, ಪಿಟೀಲು ಎಂದು ಐವರನ್ನು ಕರೆದರೆ ಒಂದು ಸಂಜೆಯ ಸಂಭಾವನೆಯಷ್ಟೇ ಅಲ್ಲ, ಅದಕ್ಕೆ ಮೊದಲಿನ ಪೂರ್ವಾಭ್ಯಾಸಗಳ ಲೆಕ್ಕವೂ ಸೇರುತ್ತದೆ. ಬಡಾವಣೆಯ ಶಾಲೆಯೊಂದು ಇದನ್ನು ಭರಿಸುವುದು ಹೇಗೆ? ಮುದ್ರಿತ ಹಾಡಿದ್ದರೆ ಮಗು ಮನೆಯಲ್ಲಿ ಅಭ್ಯಾಸ ಮಾಡಬಹುದು. ಮುದ್ರಣದ ಕೆಲಸವೇ ಅನೇಕ ಕಲಾವಿದರಿಗೆ ಜೀವನೋಪಾಯವೂ ಆಗಿದೆ. 2020ರ ಮಾರ್ಚ್ ನಂತರ ಕೊರೊನಾ ಕಾಲದಲ್ಲಂತೂ ತರಗತಿಗಳು ಉಳಿದದ್ದೇ ಅದರಿಂದ. ಟೀಚರ್ ತಮ್ಮ ಮನೆಯಲ್ಲಿ ಕೋಲಿನಿಂದ ಮಣೆಗೆ ತಟ್ಟಿದ ಏಟು ಅಂತರಜಾಲ ದಾಟಿ ಮಗುವಿನ ಮನೆ ತಲುಪುವಷ್ಟರಲ್ಲಿ ತಡವಾಗಿರುತ್ತಿತ್ತು, ಹತ್ತು ಮನೆಗೆ ಹತ್ತು ರೀತಿ ತಡ. ಕಡೆಗೆ ಟೀಚರ್ ತಟ್ಟುವುದನ್ನೇ ಬಿಟ್ಟು ಎಲ್ಲರಿಗೂ ಹಾಡಿನ ಮುದ್ರಿಕೆ ಕಳಿಸಿ, ಧ್ವನಿ ಮುಚ್ಚಿ, ಬರೀ ಚಿತ್ರ ನೋಡಿ ತಿದ್ದುತ್ತಿದ್ದರು. ಆ ಎರಡು ವರ್ಷ ಕಲಿತ ಮಕ್ಕಳು ಮತ್ತೆ ಶಾಲೆಗೆ ಬಂದಾಗ ಟೀಚರ್ ಗಮನಿಸಿದ ಸಂಗತಿ ಒಂದಿತ್ತು: ಹೆಜ್ಜೆ ಸರಿ ಇತ್ತು, ಕಿವಿ ಇರಲಿಲ್ಲ. ತಾಳದ ವೇಗವನ್ನು ಕೋಲಿನಲ್ಲಿ ಸ್ವಲ್ಪ ಇಳಿಸಿದರೂ ಮಕ್ಕಳು ತಮಗೆ ಬಾಯಿಪಾಠವಾದ ಓಟದಲ್ಲೇ ಮುಂದೆ ಹೋಗುತ್ತಿದ್ದರು.

ಮುದ್ರಿತ ಸಂಗೀತದ ಗುಣ ಅದು. ಮುದ್ರಣ ಕೊಠಡಿಯಲ್ಲಿ ಸಾಮಾನ್ಯವಾಗಿ ಒಬ್ಬೊಬ್ಬ ವಾದ್ಯಗಾರರು ಬೇರೆ ಬೇರೆಯಾಗಿ, ಕಿವಿಯಲ್ಲಿ ಟಿಕ್ ಟಿಕ್ ಎನ್ನುವ ಯಂತ್ರದ ಲಯಕ್ಕೆ ನುಡಿಸುತ್ತಾರೆ. ಆಮೇಲೆ ಎಲ್ಲವನ್ನೂ ಪೋಣಿಸುತ್ತಾರೆ. ಫಲಿತಾಂಶ ನಿರ್ದುಷ್ಟ. ಆದರೆ ಅದಕ್ಕೆ ಎದುರಿಗಿರುವವರು ಯಾರೆಂದು ಗೊತ್ತಿಲ್ಲ. ಒಂದು ಮಗು ಮರೆಯಿತೇ, ಎಡವಿತೇ, ಜಡೆ ಬಿಚ್ಚಿತೇ – ಯಾವುದೂ ಅದಕ್ಕೆ ಸಂಬಂಧಿಸಿದ್ದಲ್ಲ. ತಾಳ ಹಿಡಿದು ಕೂತ ಮನುಷ್ಯನಾದರೋ ನೋಡುತ್ತಿರುತ್ತಾನೆ. ಕಣ್ಣಿಗೆ ಬಿದ್ದ ಕ್ಷಣದಲ್ಲಿ ಒಂದು ಸಾಲನ್ನು ಇನ್ನೊಂದು ಬಾರಿ ಹೇಳಬಲ್ಲ, ಒಂದು ಆವರ್ತ ಹೆಚ್ಚು ಹಿಡಿಯಬಲ್ಲ. ಭರತನಾಟ್ಯದ ಕಛೇರಿಯಲ್ಲಿ ಸಾಹಿತ್ಯದ ಒಂದೇ ಸಾಲನ್ನು ಮರಳಿ ಮರಳಿ ಹಾಡುವ ಪದ್ಧತಿ ಅಭಿನಯದ ವಿಸ್ತಾರಕ್ಕೆಂದು ಇರುವಂಥದು. ಆದರೆ ಅದೇ ಪದ್ಧತಿ ಎಷ್ಟು ಜನ ನರ್ತಕಿಯರಿಗೆ ಉಸಿರು ತಿರುಗಿಸಿಕೊಳ್ಳಲು ನೆರವಾಗಿದೆಯೋ ಬಲ್ಲವರೇ ಹೇಳಬೇಕು.

ಈಗಿನ ವ್ಯವಸ್ಥೆಯಲ್ಲಿ ನನಗೆ ವಿಚಿತ್ರವಾಗಿ ಕಾಣುವುದು ಇದು. ಹತ್ತು ಹನ್ನೆರಡು ವರ್ಷ ಕಲಿತು ರಂಗಪ್ರವೇಶ ಮಾಡುವ ಹುಡುಗಿಗೆ ಪೂರ್ಣ ಮೇಳವಿರುತ್ತದೆ. ಒಂದು ಮನೆಯವರು ಒಂದು ಮಗುವಿಗಾಗಿ ಖರ್ಚು ಮಾಡುತ್ತಾರೆ, ಮದುವೆಗೆ ಮಾಡಿದಂತೆಯೇ ಮಾಡುತ್ತಾರೆ. ಮೊದಲ ಬಾರಿ ವೇದಿಕೆ ಏರುವ ಏಳು ವರ್ಷದ ಮಗುವಿಗೆ ಪೆನ್‌ಡ್ರೈವ್. ಅಂದರೆ ತಪ್ಪುವ ಸಂಭವ ತೀರ ಕಡಿಮೆ ಇರುವವಳಿಗೆ ಕಾಯಬಲ್ಲ ಸಂಗೀತ, ತಪ್ಪುವ ಸಂಭವ ತೀರ ಹೆಚ್ಚಿರುವವಳಿಗೆ ಕಾಯದ ಸಂಗೀತ. ಈಜು ಕಲಿತವನಿಗೆ ದೋಣಿ, ಕಲಿಯದವನಿಗೆ ಹೊಳೆ.

ಕಳೆದ ಬಾರಿಯ ವಾರ್ಷಿಕೋತ್ಸವಕ್ಕೆ ಆರು ತಿಂಗಳಿರುವಾಗ ನಮ್ಮ ಟೀಚರ್ ಪೋಷಕರ ಸಭೆಯಲ್ಲಿ ಒಂದು ಪ್ರಸ್ತಾವ ಇಟ್ಟರು: ಅತಿ ಕಿರಿಯರ ತಂಡದ ಅಲರಿಪುವನ್ನಾದರೂ ಮೃದಂಗದವರನ್ನು ಕೂರಿಸಿಕೊಂಡು ಮಾಡಿಸೋಣ. ಅಲರಿಪುವಿಗೆ ಸಾಹಿತ್ಯವಿಲ್ಲ, ರಾಗದ ಹಂಗೂ ಹೆಚ್ಚಿಲ್ಲ. ಜತಿಯ ಅಕ್ಷರಗಳು, ತಾಳ, ಮೃದಂಗ ಇಷ್ಟೇ ಸಾಕು. ನಟುವಾಂಗವನ್ನು ತಾವೇ ಮಾಡುವುದಾಗಿ, ಒಬ್ಬ ವಿದ್ವಾಂಸರ ಸಂಭಾವನೆ ಮಾತ್ರ ಹೊಂದಿಸಬೇಕೆಂದು ಹೇಳಿದರು. ಹಣ ಎಲ್ಲಿಂದ? ಪ್ರತಿ ಮಗುವಿಗೂ ಕೊಡುತ್ತಿದ್ದ ಹೊಳೆಯುವ ನೆನಪಿನ ಕಾಣಿಕೆಯನ್ನು ಈ ವರ್ಷ ಬಿಟ್ಟರೆ ಸಾಕಾಗುತ್ತದೆ.

ಸಭೆ ಬಿಸಿಯಾಯಿತು. ‘ಕಾಣಿಕೆ ಇಲ್ಲದಿದ್ದರೆ ಮಗು ಮನೆಗೆ ಏನು ತಗೊಂಡು ಬರುತ್ತೆ?’ ಎಂದು ಒಬ್ಬ ತಾಯಿ ಕೇಳಿದರು. ಅದು ಉಡಾಫೆಯ ಪ್ರಶ್ನೆಯಾಗಿರಲಿಲ್ಲ. ಬಾಡಿಗೆ ಮನೆಯ ಟಿ.ವಿ. ಮೇಲೆ ಮೂರು ವರ್ಷದ ಮೂರು ಕಾಣಿಕೆಗಳನ್ನು ಸಾಲಾಗಿ ಇಟ್ಟುಕೊಂಡವರು ಅವರು. ಮಗ್ಗುಲಲ್ಲಿದ್ದ ತಂದೆಯೊಬ್ಬರ ಆಕ್ಷೇಪ ಬೇರೆ: ‘ಮೇಡಂ, ಮುದ್ರಿತ ಹಾಡಿನಲ್ಲಿ ಇರೋ ಕ್ವಾಲಿಟಿ ಬರಲ್ಲ. ವಿಡಿಯೊ ಚೆನ್ನಾಗಿ ಬರಬೇಕಲ್ವಾ?’ ಟೀಚರ್ ಇಬ್ಬರಿಗೂ ವಾದ ಮಾಡಲಿಲ್ಲ. ಕಾಣಿಕೆಯ ಬದಲು ಪ್ರತಿ ಮಗುವಿಗೂ ತಂಡದ ಒಂದು ಛಾಯಾಚಿತ್ರ ಕೊಡುವುದಾಗಿ ಒಪ್ಪಿದರು. ವಿಡಿಯೊ ವಿಷಯಕ್ಕೆ, ‘ನೋಡೋಣ ಸರ್’ ಎಂದರು. ಕೈ ಎತ್ತಿಸಿ ಎಣಿಸಿದಾಗ ಪ್ರಸ್ತಾವ ಗೆದ್ದದ್ದು ನಾಲ್ಕೇ ಮತಗಳಿಂದ.

ಮೃದಂಗದ ವಿದ್ವಾಂಸರು ಮೊದಲ ಪೂರ್ವಾಭ್ಯಾಸಕ್ಕೆ ಬಂದ ದಿನ ಮಕ್ಕಳು ಹೆಜ್ಜೆ ಮರೆತು ವಾದ್ಯವನ್ನೇ ನೋಡುತ್ತ ನಿಂತವು. ಅವರು ನೀರಿನಲ್ಲಿ ರವೆ ಕಲಸಿ ಎಡಭಾಗದ ಚರ್ಮಕ್ಕೆ ಮೆತ್ತಿದಾಗ ಒಂದು ಹುಡುಗಿ, ‘ಅಂಕಲ್, ಉಪ್ಪಿಟ್ಟಾ?’ ಎಂದು ಕೇಳಿತು. ಅವರು ನಕ್ಕು ಅದರ ಬೆರಳು ಹಿಡಿದು ಚರ್ಮದ ಮೇಲೆ ಒತ್ತಿಸಿ, ರವೆ ಇದ್ದಾಗಿನ ನಾದ, ಇಲ್ಲದಾಗಿನ ನಾದ ಎರಡನ್ನೂ ಕೇಳಿಸಿದರು. ಅಲ್ಲಿಯವರೆಗೆ ಆ ಮಕ್ಕಳಿಗೆ ಮೃದಂಗವೆಂದರೆ ಧ್ವನಿವರ್ಧಕದೊಳಗಿನಿಂದ ಬರುವ ಸದ್ದು. ಎರಡನೆಯ ವಾರದಲ್ಲಿ ಟೀಚರ್ ಬೇಕೆಂದೇ ವೇಗ ಏರಿಸುವುದು, ಇಳಿಸುವುದು, ನಡುವೆ ನಿಲ್ಲಿಸುವುದು ಮಾಡತೊಡಗಿದರು. ಮಕ್ಕಳು ಮೊದಲು ಗಲಿಬಿಲಿಗೊಂಡರು, ಆಮೇಲೆ ಅದನ್ನು ಆಟವೆಂದು ಹಿಡಿದರು. ನಾಲ್ಕನೆಯ ಅಭ್ಯಾಸದ ಹೊತ್ತಿಗೆ ಅವರ ಕಿವಿ ತೆರೆದುಕೊಂಡದ್ದು ನನ್ನಂಥ ತಾಳಜ್ಞಾನವಿಲ್ಲದವಳಿಗೂ ಕಂಡಿತು.

ಕಾರ್ಯಕ್ರಮದ ಸಂಜೆ ಅವರು ಎರಡು ಗಂಟೆ ಮುಂಚೆಯೇ ಬಂದರು. ಸಭಾಂಗಣದ ತಂಪು ಗಾಳಿಗೆ ಚರ್ಮದ ಶ್ರುತಿ ಸರಿಯುತ್ತದೆಂದು ವಾದ್ಯವನ್ನು ವೇದಿಕೆಯ ಮೇಲೆಯೇ ಇಟ್ಟು ಆಗಾಗ ತಟ್ಟಿ ನೋಡುತ್ತಿದ್ದರು. ಪರದೆ ಎದ್ದಾಗ ಹನ್ನೆರಡು ಮಕ್ಕಳು ಎರಡು ಗುಂಪಾಗಿ ನಿಂತಿದ್ದವು. ಟೀಚರ್ ಬಲಬದಿಯಲ್ಲಿ ಕೂತಿದ್ದರು, ಕೈಯಲ್ಲಿ ಒಂದು ಕಂಚಿನದು, ಒಂದು ಕಬ್ಬಿಣದ್ದು ಎಂಬ ಆ ಜೋಡಿ ತಾಳ. ಅಲರಿಪು ಕಣ್ಣಿನಿಂದ, ಕತ್ತಿನಿಂದ ಶುರುವಾಗಿ ಭುಜಕ್ಕೆ, ಕೈಗೆ, ಕಾಲಿಗೆ ಇಳಿಯುತ್ತದೆ. ಮೊಗ್ಗು ಬಿರಿದಂತೆ ಎಂದು ಪ್ರತಿ ನಿರೂಪಕರೂ ತಪ್ಪದೆ ಹೇಳುತ್ತಾರೆ. ನನ್ನ ಕಡೆಯ, ಅಂದರೆ ಎಡಗಡೆಯ ಆರು ಮಕ್ಕಳಿಗೆ ಮೊದಲ ಅಕ್ಷರ ಕೇಳಿಸಲಿಲ್ಲ. ವೇದಿಕೆಯ ಮೇಲಿನ ಚಿಕ್ಕ ಧ್ವನಿವರ್ಧಕ ಆ ಬದಿಗೆ ಸದ್ದು ಕೊಡುತ್ತಿರಲಿಲ್ಲ. ಅವು ಒಂದು ಏಟು ತಡವಾಗಿ ಆರಂಭಿಸಿದವು. ಬಲಗಡೆಯ ಆರು ಸರಿ, ಎಡಗಡೆಯ ಆರು ಒಂದು ಏಟು ಹಿಂದೆ. ಕತ್ತುಗಳು ಎರಡು ಬಗೆಯಲ್ಲಿ ಅತ್ತಿತ್ತ ಆಡತೊಡಗಿದವು. ನನ್ನ ಹೊಟ್ಟೆಯೊಳಗೆ ಏನೋ ಕುಸಿಯಿತು.

ಟೀಚರ್ ಧ್ವನಿ ಏರಿಸಲಿಲ್ಲ. ಅಕ್ಷರಗಳನ್ನು ಸ್ವಲ್ಪ ಎಳೆದರು, ತಾಳವನ್ನು ಎಡಕ್ಕೆ ತಿರುಗಿಸಿ ಗಟ್ಟಿಯಾಗಿ ಹಾಕಿದರು. ಮೃದಂಗದವರು ಅದುವರೆಗೆ ನುಡಿಸುತ್ತಿದ್ದ ಕುಸುರಿಯನ್ನೆಲ್ಲ ಬಿಟ್ಟರು. ಬರೀ ಏಟುಗಳು, ಒಂದೊಂದಾಗಿ, ಮಕ್ಕಳಿಗೆ ಎಣಿಸಲು ಬರುವಷ್ಟು ಸರಳವಾಗಿ. ವಿದ್ವಾಂಸರೊಬ್ಬರು ತುಂಬಿದ ಸಭೆಯ ಎದುರು ತಮ್ಮ ಕೈಚಳಕವನ್ನು ಹೀಗೆ ಬದಿಗಿಡುವುದನ್ನು ನಾನು ಅದೇ ಮೊದಲು ನೋಡಿದ್ದು. ಎಡಗಡೆಯ ಮಕ್ಕಳ ಕಣ್ಣು ಅವರ ಕೈಯತ್ತ ಹೊರಳಿತು. ಒಂದು, ಎರಡು ಆವರ್ತ. ಮೂರನೆಯದು ಬರುವಷ್ಟರಲ್ಲಿ ಹನ್ನೆರಡು ಗೆಜ್ಜೆಕಾಲುಗಳು ಒಂದೇ ಸಲ ನೆಲ ಮುಟ್ಟಿದವು. ಅದಾದ ಮೇಲೆಯೇ ಮೃದಂಗದ ಕುಸುರಿ ಮತ್ತೆ ಮರಳಿದ್ದು. ಸಭೆ ಚಪ್ಪಾಳೆ ತಟ್ಟಿತು, ಯಾವುದಕ್ಕೆಂದು ತಿಳಿಯದೆ.

ಅದೇ ಸಂಜೆ, ಮೂರು ನೃತ್ಯಗಳ ನಂತರ ದೇವರನಾಮವೊಂದಕ್ಕೆ ಅಣಿಯಾಗಿ ನಿಂತಿದ್ದ ಎಂಟು ವರ್ಷದ ಹುಡುಗಿಯ ಗೆಜ್ಜೆಯ ದಾರ ಪ್ರವೇಶದ ಹೊತ್ತಿಗೆ ಸರಿಯಾಗಿ ಬಿಚ್ಚಿಕೊಂಡಿತು. ಗೆಜ್ಜೆ ಬಿಚ್ಚಿದ ಮಗುವನ್ನು ಕಳಿಸಿದರೆ ಅದೇ ತೊಡರಿ ಬೀಳುತ್ತದೆ. ಕೂತು ಕಟ್ಟಿದೆ. ಅಷ್ಟರಲ್ಲಿ ಮುದ್ರಿತ ಹಾಡು ಪಲ್ಲವಿ ಮುಗಿಸಿ ಮುಂದಕ್ಕೆ ಹೋಗಿತ್ತು. ಸಾಲಿನಲ್ಲಿ ಅವಳ ಜಾಗ ಖಾಲಿಯೇ ಇತ್ತು. ಮಧ್ಯದಲ್ಲಿ ಓಡಿ ಹೋಗಿ ನಿಂತಳು, ಎರಡು ಸಾಲು ಯಾವ ಹೆಜ್ಜೆಯೆಂದು ತಿಳಿಯದೆ ಪಕ್ಕದವಳನ್ನು ನೋಡುತ್ತ ಕೈ ಆಡಿಸಿದಳು, ಆಮೇಲೆ ಸೇರಿಕೊಂಡಳು. ಮುಗಿಸಿ ಒಳಗೆ ಬಂದವಳು ಅಳಲಿಲ್ಲ. ‘ಆಂಟಿ, ಅಲರಿಪು ಮಕ್ಕಳಿಗೆ ಮಾತ್ರ ಯಾಕೆ ಆ ಅಂಕಲ್?’ ಎಂದು ಕೇಳಿದಳು. ಉತ್ತರ ಹೇಳಲು ಹೊತ್ತಿರಲಿಲ್ಲ, ಮುಂದಿನ ತಂಡ ಬಂದು ನಿಂತಿತ್ತು.

ಕಾರ್ಯಕ್ರಮ ಮುಗಿದ ಮೇಲಿನ ನೇಪಥ್ಯ ಇನ್ನೊಂದೇ ಲೋಕ. ಮಕ್ಕಳ ಮುಖಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ಒರೆಸುವುದು, ಆಭರಣಗಳನ್ನು ಪೆಟ್ಟಿಗೆಗೆ ಎಣಿಸಿ ತುಂಬುವುದು. ಬಾಡಿಗೆಗೆ ತಂದ ಸೆಟ್‌ಗಳಲ್ಲಿ ಪ್ರತಿ ವರ್ಷವೂ ಒಂದು ಚಂದ್ರ ಕಾಣೆಯಾಗುತ್ತದೆ; ಸೂರ್ಯ ಮಾತ್ರ ಎಂದೂ ಕಳೆದಿಲ್ಲ. ನಿಗದಿತ ಹೊತ್ತು ಮೀರಿದರೆ ಸಭಾಂಗಣದವರು ಮೊದಲು ವೇದಿಕೆಯ ದೀಪ ಆರಿಸುತ್ತಾರೆ, ಆಮೇಲೆ ಮೊಗಸಾಲೆಯದು, ಕೊನೆಗೆ ಬಣ್ಣದ ಕೋಣೆಯದು. ಕೊನೆಯ ಪಿನ್ನುಗಳನ್ನು ನಾವು ಆರಿಸುವುದು ಮೊಬೈಲ್ ಬೆಳಕಿನಲ್ಲಿ.

ಎರಡು ವಾರ ಬಿಟ್ಟು ಲೆಕ್ಕಪತ್ರದ ಸಭೆ ನಡೆಯಿತು. ವಿಡಿಯೊ ಬಗ್ಗೆ ಆಕ್ಷೇಪಿಸಿದ್ದ ತಂದೆ ಅಲರಿಪುವಿನ ಚಿತ್ರಿಕೆಯನ್ನು ಮೊಬೈಲ್‌ನಲ್ಲಿ ತಂದಿದ್ದರು. ಆ ಒಂದು ಏಟಿನ ಅಂತರ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ‘ಶುರುವಿನ ಆ ಭಾಗ ಕತ್ತರಿಸಿಬಿಡಬಹುದಾ ಮೇಡಂ?’ ಎಂದರು. ಟೀಚರ್ ಪೂರ್ತಿ ನೋಡಿ, ‘ಬೇಡ ಸರ್, ಅದು ಇರಲಿ. ಮುಂದಿನ ವರ್ಷದ ಮಕ್ಕಳಿಗೆ ತೋರಿಸ್ತೀನಿ’ ಎಂದರು. ಅವರು ಮತ್ತೊಮ್ಮೆ ತಾವೇ ನೋಡಿಕೊಂಡರು, ಈ ಸಲ ಮಗಳನ್ನು ಬಿಟ್ಟು ಮೃದಂಗದವರನ್ನು. ನೆನಪಿನ ಕಾಣಿಕೆ ಕೇಳಿದ್ದ ತಾಯಿ ಆ ಸಭೆಗೆ ಬಂದಿರಲಿಲ್ಲ. ಅವರ ಮಗುವಿನ ಛಾಯಾಚಿತ್ರವನ್ನು ನಾನೇ ಮನೆಗೆ ತಲುಪಿಸಿದೆ. ಟಿ.ವಿ. ಪಕ್ಕದಲ್ಲಿ ಅದಕ್ಕೆ ಜಾಗ ಮಾಡಿದರು. ಆದರೆ ಮುಂದಿನ ವರ್ಷ ಕಾಣಿಕೆ ಇರುತ್ತದೆಯೇ ಎಂದು ಕೇಳುವುದನ್ನು ಮರೆಯಲಿಲ್ಲ.

ಇರುವುದಿಲ್ಲ. ಲೆಕ್ಕ ಹಾಕಿ ನೋಡಿದರೆ, ಶಾಲು ಹಾರಗಳನ್ನೂ ಕಡಿತ ಮಾಡಿದಲ್ಲಿ ಎಂಟು ವರ್ಷದವರ ದೇವರನಾಮಕ್ಕೂ ಮೃದಂಗ, ಜೊತೆಗೊಬ್ಬ ಗಾಯಕಿ ಸಾಧ್ಯ. ಶಾಲು ಬಿಡುವುದಾದರೆ ಅತಿಥಿಗಳು ಬೇಸರಿಸಿಕೊಂಡಾರು ಎಂದು ಒಬ್ಬರು ಅಂದರು. ಅವರು ಮಾತಾಡುವ ಹತ್ತು ನಿಮಿಷ ಮಾತ್ರ ನಮಗೆ ಅತ್ಯಗತ್ಯ, ಶಾಲು ಅಲ್ಲ ಎಂದೆ. ಗಾಯಕಿಯನ್ನು ಈಗಾಗಲೇ ಕೇಳಿದ್ದೇವೆ. ಡಿಸೆಂಬರ್‌ನಲ್ಲಿ ಅವರಿಗೆ ಕಛೇರಿಗಳು ಹೆಚ್ಚು, ದಿನ ಮೊದಲು ಹೇಳಿ ಎಂದಿದ್ದಾರೆ. ದಿನ ಹೇಳಬೇಕಾದರೆ ಸಭಾಂಗಣ ಸಿಗಬೇಕು. ಅರ್ಜಿ ಕೊಟ್ಟಾಗಿದೆ; ನಮ್ಮ ಮುಂದೆ ಇನ್ನೂ ನಾಲ್ಕು ಶಾಲೆಗಳಿವೆ.